ನಾಯಿಯ ಸ್ವಭಾವವನ್ನು ಅದರ ಮಾಲೀಕರನ್ನು ಕೇಳಿ ಅಳೆಯಬಹುದೆ?

ನೀವು ಕೇಳಿರುವುದು ಇಷ್ಟು: ಚಿತ್ರದುರ್ಗದಲ್ಲಿದ್ದುಕೊಂಡು ಮನಃಶಾಸ್ತ್ರದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೀರಿ, ಸಾಕುನಾಯಿಗಳ ಸ್ವಭಾವವನ್ನು ಮಾಲೀಕರಿಗೆ ಪ್ರಶ್ನಾವಳಿ ಕೊಟ್ಟು ಅಧ್ಯಯನ ಮಾಡಬೇಕೆಂದಿದ್ದೀರಿ, ಆದರೆ ನಿಮ್ಮ ಮಾರ್ಗದರ್ಶಕರು “ಹೆತ್ತವರಿಗೆ ಹೆಗ್ಗಣ ಮುದ್ದು, ಸಾಕಿದವರ ಮಾತು ಹಿಡಿದು ವಿಜ್ಞಾನ ಮಾಡಲಾಗದು” ಎಂದಿದ್ದಾರೆ. ಅವರ ಮಾತು ಸರಿಯೆ, ಸರಿಯಲ್ಲದಿದ್ದರೆ ಪ್ರಶ್ನಾವಳಿಯನ್ನು ಹೇಗೆ ಕಟ್ಟಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಬೋಧಿಸುವವನು. ಕೆಲವು ವರ್ಷಗಳ ಹಿಂದೆ ಪಶುವೈದ್ಯರಾಗಿರುವ ನನ್ನ ಸ್ನೇಹಿತರೊಬ್ಬರ ಜೊತೆ ಸೇರಿ ಇಂಥದೇ ಒಂದು ಸಣ್ಣ ಸಮೀಕ್ಷೆ ನಡೆಸಿ, ಮೊದಲ ಸುತ್ತಿನಲ್ಲಿ ತುಂಬಿಸಿದ ಹಾಳೆಗಳನ್ನೆಲ್ಲ ರದ್ದಿಗೆ ಹಾಕಿದ ಅನುಭವ ನನಗಿದೆ. ಆ ಅನುಭವದ ಮೇಲೆಯೇ ಈ ಉತ್ತರ ಬರೆಯುತ್ತಿದ್ದೇನೆ.

ನಿಮ್ಮ ಮಾರ್ಗದರ್ಶಕರ ಸಂಶಯ ನ್ಯಾಯವಾದದ್ದು, ಆದರೆ ತೀರ್ಮಾನ ಅವಸರದ್ದು. ಮಾಲೀಕರನ್ನು “ನಿಮ್ಮ ನಾಯಿ ಎಂಥದು?” ಎಂದು ಕೇಳಿದರೆ ಗಾದೆಯೇ ಗೆಲ್ಲುತ್ತದೆ. “ಇಂಥ ಸಂದರ್ಭದಲ್ಲಿ, ಇತ್ತೀಚಿನ ದಿನಗಳಲ್ಲಿ, ನಿಮ್ಮ ನಾಯಿ ಏನು ಮಾಡಿತು?” ಎಂದು ಕೇಳಿದರೆ ಉತ್ತರಕ್ಕೆ ತೂಕ ಬರುತ್ತದೆ.

ಮಾಲೀಕರನ್ನು ಬಿಟ್ಟು ನಾಯಿಯನ್ನೇ ನೇರವಾಗಿ ಪರೀಕ್ಷಿಸುವ ಕ್ರಮವೂ ಇದೆ. ಸ್ವೀಡನ್ನಿನಲ್ಲಿ ನಾಯಿಗಳನ್ನು ಗೊತ್ತಾದ ಮೈದಾನಕ್ಕೆ ಕರೆತಂದು, ಅಪರಿಚಿತ ವ್ಯಕ್ತಿ, ಹಠಾತ್ತನೆ ಮೇಲೇಳುವ ಗೊಂಬೆ, ಲೋಹದ ಸದ್ದು, ಗುಂಡಿನ ಸದ್ದು ಮೊದಲಾದವುಗಳಿಗೆ ಒಡ್ಡಿ, ತರಬೇತಾದ ವೀಕ್ಷಕರು ಅಂಕ ಕೊಡುತ್ತಾರೆ. ಕೆಂತ್ ಸ್ವಾರ್ಟ್‌ಬರ್ಗ್ ಮತ್ತು ಬ್ಯೋರ್ನ್ ಫೋರ್ಕ್‌ಮನ್ 2002ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಹೀಗೆ ಪರೀಕ್ಷೆಗೊಳಗಾದ 15,000ಕ್ಕೂ ಹೆಚ್ಚು ನಾಯಿಗಳ ಅಂಕಗಳಿದ್ದವು. ಆ ವ್ಯವಸ್ಥೆ ನಮಗೆ ಎಲ್ಲಿಂದ ಬರಬೇಕು? ಅದು ಬಂದರೂ ಪರೀಕ್ಷಕನು ನೋಡುವುದು ಒಂದು ದಿನದ, ಅದೂ ಹೊಸ ಜಾಗದಲ್ಲಿ ಕಕ್ಕಾಬಿಕ್ಕಿಯಾದ ನಾಯಿಯನ್ನು. ಊಟದ ತಟ್ಟೆಯ ಹತ್ತಿರ ಯಾರಾದರೂ ಸುಳಿದಾಗ, ಮನೆಯವರೆಲ್ಲ ಬೀಗ ಹಾಕಿಕೊಂಡು ಮದುವೆಗೆ ಹೋದಾಗ, ನಡುರಾತ್ರಿ ಬೆಕ್ಕು ಕಾಂಪೌಂಡ್ ಹಾರಿದಾಗ ಅದು ಹೇಗಿರುತ್ತದೆಂದು ಬಲ್ಲವರು ಮನೆಯವರು ಮಾತ್ರ.

ಮನೆಯವರ ಈ ತಿಳಿವಳಿಕೆ ಬರಿಯ ಭ್ರಮೆಯೆ ಎಂಬುದನ್ನು ಸ್ಯಾಮ್ ಗಾಸ್ಲಿಂಗ್ ಮತ್ತು ಸಂಗಡಿಗರು ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದ್ದಾರೆ. ಮಾಲೀಕರು ತಮ್ಮ ನಾಯಿಯ ಬಗ್ಗೆ ಅಂಕ ಕೊಟ್ಟರು. ಮಾಲೀಕರನ್ನೂ ನಾಯಿಯನ್ನೂ ಬಲ್ಲ ಇನ್ನೊಬ್ಬರು ಬೇರೆಯಾಗಿ ಅಂಕ ಕೊಟ್ಟರು. ಆ ಬಳಿಕ ನಾಯಿಯ ಪರಿಚಯವೇ ಇಲ್ಲದವರು ಅದರ ವರ್ತನೆಯನ್ನು ನೋಡಿ ಅಂಕ ಕೊಟ್ಟರು. ಚಟುವಟಿಕೆ, ಅಕ್ಕರೆ, ಭಾವೋದ್ವೇಗ, ಬುದ್ಧಿ ಎಂಬ ನಾಲ್ಕು ಆಯಾಮಗಳಲ್ಲಿ ನಾಯಿಯ ಬಗೆಗಿನ ಈ ತೀರ್ಪುಗಳು, ಮನುಷ್ಯರು ಮನುಷ್ಯರ ಬಗ್ಗೆ ಕೊಡುವ ತೀರ್ಪುಗಳಷ್ಟೇ ಸರಿಸುಮಾರು ನಿಖರವಾಗಿದ್ದವು. ಮನುಷ್ಯರ ವ್ಯಕ್ತಿತ್ವದ ಪ್ರಶ್ನಾವಳಿಗಳನ್ನು ನಿಮ್ಮ ವಿಭಾಗ ಒಪ್ಪುವುದಾದರೆ ಇದನ್ನು ಆರಂಭದಲ್ಲೇ ತಳ್ಳಿಹಾಕಲು ಕಾರಣವಿಲ್ಲವೆಂದು ಮಾರ್ಗದರ್ಶಕರಿಗೆ ವಿನಯದಿಂದಲೇ ಹೇಳಬಹುದು.

ನೀವು ಮಾದರಿಯಾಗಿ ಇಟ್ಟುಕೊಳ್ಳಬೇಕಾದದ್ದು ‘ಸಿ-ಬಾರ್ಕ್’ ಎಂದು ಕರೆಯಲಾಗುವ ಪ್ರಶ್ನಾವಳಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಸರ್ಪೆಲ್ ಮತ್ತು ಅವರ ಸಹೋದ್ಯೋಗಿ ಯುಯಿಂಗ್ ಶು ಇದನ್ನು ರೂಪಿಸಿ 2003ರಲ್ಲಿ ಪ್ರಕಟಿಸಿದರು. ಈಗ ಬಳಕೆಯಲ್ಲಿರುವ ರೂಪದಲ್ಲಿ ಸುಮಾರು 100 ಪ್ರಶ್ನೆಗಳಿವೆ. ಇದರಲ್ಲಿ “ನಿಮ್ಮ ನಾಯಿ ಕೋಪಿಷ್ಠವೆ?” ಎಂಬ ಪ್ರಶ್ನೆ ಎಲ್ಲಿಯೂ ಇಲ್ಲ. ಅಪರಿಚಿತರು ಮನೆಗೆ ಬಂದಾಗ ಎಂಬಂಥ ಒಂದೊಂದು ಸಂದರ್ಭವನ್ನು ಮುಂದಿಟ್ಟು, ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೇಳುತ್ತಾರೆ. ಆಕ್ರಮಣಶೀಲತೆಯ ಪ್ರಶ್ನೆಗಳಲ್ಲಿ ಸೊನ್ನೆಯೆಂದರೆ ಸುಮ್ಮನಿರುವುದು, ನಡುವಿನ ಅಂಕಗಳೆಂದರೆ ಗುರುಗುಟ್ಟುವುದು, ಬೊಗಳುವುದು, ಹಲ್ಲು ತೋರುವುದು, ನಾಲ್ಕೆಂದರೆ ಕಚ್ಚುವುದು ಅಥವಾ ಕಚ್ಚಲು ಹೋಗುವುದು. ಜೊತೆಜೊತೆಯಾಗಿ ಏರಿಳಿಯುವ ಪ್ರಶ್ನೆಗಳನ್ನು ಅಂಶ ವಿಶ್ಲೇಷಣೆಯ ಮೂಲಕ ಗುಂಪು ಮಾಡಿದಾಗ ಮೂಲ ಅಧ್ಯಯನದಲ್ಲಿ 11 ಗುಂಪುಗಳು ದೊರೆತವು. ಅಪರಿಚಿತರ ಮೇಲಿನ ಆಕ್ರಮಣಶೀಲತೆ ಒಂದು ಗುಂಪಾದರೆ ಮಾಲೀಕರ ಮೇಲಿನದು ಬೇರೊಂದು ಗುಂಪಾಯಿತು. ಪೋಸ್ಟ್‌ಮ್ಯಾನ್ ಮೇಲೆ ಎರಗುವ ನಾಯಿ ಮನೆಯ ಮಗುವಿನ ಕೈಯಿಂದ ಬಿಸ್ಕತ್ತನ್ನು ನಾಜೂಕಾಗಿ ತೆಗೆದುಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ಸಿಟ್ಟಿನ ನಾಯಿ, ಸಾಧು ನಾಯಿ ಎಂದು ಎರಡೇ ಪಂಗಡ ಮಾಡಿದರೆ ಈ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ.

ಸಂದರ್ಭದ ಬದಲು ಗುಣವಾಚಕಗಳನ್ನೇ ಕೊಟ್ಟು ಅಂಕ ಕೇಳುವ ಇನ್ನೊಂದು ಪರಂಪರೆಯೂ ಇದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರ ಪರಿಷ್ಕೃತ ಪ್ರಶ್ನಾವಳಿಯಲ್ಲಿರುವುದು 26 ಗುಣವಾಚಕಗಳು ಮಾತ್ರ. ಚಿಕ್ಕದಾಗಿದೆ, ಬೇಗ ಮುಗಿಯುತ್ತದೆ ಎಂದು ನಾನು ಮೊದಲು ಇದೇ ದಾರಿ ಹಿಡಿದೆ, ಮತ್ತು ಎಡವಿದ್ದು ಇಲ್ಲಿಯೇ. ‘ಆಕ್ರಮಣಶೀಲ’ ಎಂದರೆ ಯಾರಿಗೂ ತಿಳಿಯದೆಂದು ಆಡುಮಾತಿನ ‘ಜೋರು’ ಎಂಬ ಪದವನ್ನು ಹಾಕಿದೆ. ವಿದ್ಯಾನಗರದ ಮನೆಯೊಂದರಲ್ಲಿ ಯಜಮಾನರು ಐದಕ್ಕೆ ಐದು ಅಂಕ ಕೊಟ್ಟು, “ನಮ್ ನಾಯಿ ಭಾಳ ಜೋರೈತ್ರಿ” ಎಂದು ಹೆಮ್ಮೆಯಿಂದ ನಕ್ಕರು. ಆ ನಾಯಿ ಅಷ್ಟರಲ್ಲಿ ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿತ್ತು. ನಮ್ಮ ಕಡೆ ‘ಜೋರು’ ಎಂಬುದು ದೋಷವಲ್ಲ, ಹೊಗಳಿಕೆ. ಗಟ್ಟಿ ಮೈಕಟ್ಟು, ದೊಡ್ಡ ಗಂಟಲು, ಚುರುಕು ಎಲ್ಲವೂ ಅದರಲ್ಲಿ ಸೇರಿಕೊಂಡಿವೆ. ‘ಹುಷಾರು’ ಎಂಬ ಪದದ ಪಾಡು ಇನ್ನೂ ಕಷ್ಟದ್ದು: ಕೆಲವರು ಅದನ್ನು ಬುದ್ಧಿವಂತಿಕೆಯೆಂದು ತಿಳಿದರು, ಕೆಲವರು ಎಚ್ಚರವೆಂದು ತಿಳಿದರು, ಒಬ್ಬ ಅಜ್ಜಿಯಂತೂ “ಈಗ ಹುಷಾರೈತೆಪ್ಪ, ಹೋದ ವಾರ ಇರಲಿಲ್ಲ” ಎಂದು ನಾಯಿಯ ಆರೋಗ್ಯದ ವರದಿ ಕೊಟ್ಟರು. ‘ಬೆರಕಿ’ ಎಂದಾಗ ಕೆಲವರು ಮೆಚ್ಚಿದರು, ಕೆಲವರು ಮುಖ ಗಂಟಿಕ್ಕಿದರು. ಈ ಹಾಳೆಗಳಿಂದ ಪರಸ್ಪರ ಸಂಬಂಧದ ಗುಣಾಂಕಗಳನ್ನು ಲೆಕ್ಕ ಹಾಕಿದಾಗ ಯಾವ ಪ್ರಶ್ನೆಯೂ ಯಾವುದರ ಜೊತೆಗೂ ಕೂಡಿಬರಲಿಲ್ಲ. ಕೂಡಿಬರಬೇಕಾದ ಕಾರಣವೂ ಇರಲಿಲ್ಲ. ಅಳೆಯಲಾಗಿದ್ದು ನಾಯಿಗಳನ್ನಲ್ಲ, ದಾವಣಗೆರೆಯ ಕನ್ನಡವನ್ನು. ಕನ್ನಡಕ್ಕೆ ತರುವುದಾದರೆ ಗುಣವಾಚಕಗಳ ದಾರಿ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಗುರುಗುಟ್ಟುವುದು, ಬಾಲ ಕಾಲಸಂದಿಗೆ ಎಳೆದುಕೊಳ್ಳುವುದು, ಮಂಚದ ಕೆಳಗೆ ಸೇರಿಕೊಳ್ಳುವುದು, ಹಗ್ಗ ಜಗ್ಗುವುದು ಮುಂತಾದ ಕ್ರಿಯಾಪದಗಳನ್ನು ನಂಬಿರಿ. ಅವುಗಳ ಅರ್ಥ ಹೊಸದುರ್ಗದಲ್ಲಿಯೂ ಹರಿಹರದಲ್ಲಿಯೂ ಒಂದೇ.

ನಾಯಿಯ ಹೊಗಳಿಕೆ ಕನ್ನಡದಲ್ಲಿ ಕಲ್ಲಿನ ಮೇಲೂ ಉಳಿದಿದೆ. ಸುಮಾರು ಕ್ರಿ.ಶ. 949-50ರ ಆತಕೂರು ಶಾಸನ, ಮಣಲೇರ ಎಂಬ ವೀರನು ಬೇಡಿ ಪಡೆದ ‘ಕಾಳಿ’ ಎಂಬ ನಾಯಿ ಹಂದಿಯೊಂದಿಗೆ ಕಾದಾಡಿ ಎರಡೂ ಸತ್ತ ಸಂಗತಿಯನ್ನು ಹೇಳುತ್ತದೆ. ಆ ಕಲ್ಲೂ ನಾಯಿ ಶೂರನಾಗಿತ್ತೆಂದು ಹೇಳಿ ಕೈತೊಳೆದುಕೊಳ್ಳದೆ, ಅದು ಏನು ಮಾಡಿತೆಂಬುದನ್ನು ದಾಖಲಿಸಿದೆ ಎಂಬುದು ಸಂಖ್ಯಾಶಾಸ್ತ್ರದವನಾದ ನನಗೆ ಹಿಡಿಸುವ ವಿಷಯ.

ನಾಯಿಯ ಒಳಮನಸ್ಸನ್ನು ಊಹಿಸುವಂಥ ಪ್ರಶ್ನೆಗಳನ್ನೂ ಕೈಬಿಡಿ. “ತಪ್ಪು ಮಾಡಿದಾಗ ಅದಕ್ಕೆ ಗೊತ್ತಾಗುತ್ತದೆಯೆ?” ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಕಿವಿ ಇಳಿಬಿಟ್ಟು ಮುಖ ತಿರುಗಿಸುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿನ್ನಬೇಡವೆಂದು ಹೇಳಿ ಮಾಲೀಕರು ಹೊರಹೋದ ಮೇಲೆ ನಾಯಿ ತಿಂಡಿ ತಿಂದಿದೆಯೆಂದು ಕೆಲವೊಮ್ಮೆ ಅವರಿಗೆ ಸುಳ್ಳೇ ಹೇಳಲಾಗುತ್ತಿತ್ತು. ಆ ‘ತಪ್ಪಿತಸ್ಥ ಮುಖ’ ಹೆಚ್ಚಾಗಿ ಕಂಡದ್ದು ಮಾಲೀಕರು ಗದರಿಸಿದಾಗಲೇ ಹೊರತು ನಾಯಿ ನಿಜವಾಗಿ ತಿಂದಾಗಲಲ್ಲ. ಮಾಲೀಕರು ಕಂಡದ್ದು ಸುಳ್ಳಲ್ಲ. ಅದಕ್ಕೆ ಅವರು ಕೊಟ್ಟ ಅರ್ಥ ಬೇರೆ.

ಎರಡನೆಯ ಸುತ್ತಿನಲ್ಲಿ ನನಗೆ ಎದುರಾದ ತೊಂದರೆ ಎಂದೂ ಘಟಿಸದ ಸಂದರ್ಭಗಳದು. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕಿ, ರಾತ್ರಿ ಕಾಂಪೌಂಡಿನೊಳಗೆ ಮಾತ್ರ ಬಿಡುವ ನಾಯಿ ಅಪರಿಚಿತ ಮಗುವನ್ನು ಕಂಡಾಗ ಏನು ಮಾಡುತ್ತದೆಂದು ಮಾಲೀಕರಿಗೆ ತಿಳಿಯುವುದು ಹೇಗೆ? ಅವರು ‘ಏನೂ ಮಾಡುವುದಿಲ್ಲ’ ಎಂದು ಸೊನ್ನೆ ಹಾಕುತ್ತಾರೆ, ಮತ್ತು ಆ ಸೊನ್ನೆ ಕುಂದುವಾಡ ಕೆರೆಯ ಏರಿಯ ಮೇಲೆ ದಿನವೂ ನೂರು ಜನರ ನಡುವೆ ಶಾಂತವಾಗಿ ಓಡಾಡುವ ನಾಯಿಯ ಸೊನ್ನೆಯೊಂದಿಗೆ ಬೆರೆತುಹೋಗುತ್ತದೆ. ಆದ್ದರಿಂದ ಪ್ರತಿ ಪ್ರಶ್ನೆಗೂ ‘ಇಂಥ ಸಂದರ್ಭ ಬಂದಿಲ್ಲ’ ಎಂಬ ಚೌಕವನ್ನು ಬೇರೆಯಾಗಿ ಇಡಿ, ಮತ್ತು ವಿಶ್ಲೇಷಣೆಯಲ್ಲಿ ಅದನ್ನು ಸೊನ್ನೆಯೆಂದು ಎಣಿಸಬೇಡಿ.

ಕಚ್ಚುವ ವಿಷಯದಲ್ಲಿ ಜನ ನೇರವಾಗಿ ಹೇಳುವುದಿಲ್ಲ. ಅಕ್ಕಪಕ್ಕದವರು ಪಾಲಿಕೆಗೆ ದೂರು ಕೊಟ್ಟಾರೆಂಬ ಅಂಜಿಕೆ ಇರುತ್ತದೆ. “ಕಚ್ಚಲ್ಲ, ಸುಮ್ನೆ ಬಾಯಿ ಹಾಕ್ತೈತಿ” ಎಂಬ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದೆನೋ ಲೆಕ್ಕವಿಲ್ಲ. ಹೆಸರು, ಮನೆ ಸಂಖ್ಯೆ ಬರೆಸದಿರುವುದು ಮೊದಲ ಉಪಾಯ. ಎರಡನೆಯದನ್ನು ನನ್ನ ಪಶುವೈದ್ಯ ಸ್ನೇಹಿತರು ಸೂಚಿಸಿದರು: “ಗ್ಯಾಸ್ ಸಿಲಿಂಡರ್ ತರುವವರು ಬಂದಾಗ ನಾಯಿಯನ್ನು ಕಟ್ಟುತ್ತೀರಾ, ಒಳಗೆ ಕೂಡುತ್ತೀರಾ, ಹಾಗೇ ಬಿಡುತ್ತೀರಾ?” ಈ ಪ್ರಶ್ನೆಯಲ್ಲಿ ನಾಯಿಯ ಮೇಲೆ ಆರೋಪವಿಲ್ಲ, ಆದ್ದರಿಂದ ಸುಳ್ಳಿಗೂ ಆಸ್ಪದವಿಲ್ಲ, ಕಚ್ಚುವುದೇ ಇಲ್ಲವೆಂದು ಬರೆದವರಲ್ಲಿ ಕೆಲವರು ಇದಕ್ಕೆ “ಎರಡು ಬಾಗಿಲು ಹಾಕಿ ಕೂಡುತ್ತೇವೆ” ಎಂದರು. (ಸಮೀಕ್ಷೆಗೆ ಹೋದಾಗ ನಿಮಗೇ ಕಡಿತವಾದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ, ಮಾಲೀಕರ ಸಂಕೋಚಕ್ಕೆ ಕಟ್ಟುಬಿದ್ದು ತಡಮಾಡಬೇಡಿ.)

ಇನ್ನು ‘ಮಾಲೀಕ’ ಯಾರು ಎಂಬುದು. ಪಾಶ್ಚಾತ್ಯ ಪ್ರಶ್ನಾವಳಿಗಳ ಕಲ್ಪನೆಯಲ್ಲಿ ನಾಯಿ ಮನೆಯೊಳಗಿರುತ್ತದೆ, ಕಾರಿನಲ್ಲಿ ಕೂರುತ್ತದೆ, ಸೋಫಾದಿಂದ ಇಳಿಸಿದರೆ ಗುರುಗುಟ್ಟುತ್ತದೆ. ನಿಮ್ಮ ಜಿಲ್ಲೆಯಲ್ಲೇ ಚಳ್ಳಕೆರೆಯ ಕಡೆ ಕುರಿಹಟ್ಟಿಗಳಿಗೆ ಹೋದರೆ ಆ ಪ್ರಶ್ನೆಗಳಲ್ಲಿ ಅರ್ಧ ನಿರುಪಯುಕ್ತ. ಅಲ್ಲಿನ ನಾಯಿ ಮಂದೆಯ ಜೊತೆ ಬಯಲಲ್ಲೇ ಮಲಗುತ್ತದೆ, ಅದರ ಕೆಲಸ ತೋಳದಿಂದ ಕುರಿ ಕಾಯುವುದು. “ಕರೆದರೆ ಬರುತ್ತದೆಯೆ?” ಎಂದು ಕುರಿಗಾಹಿಯೊಬ್ಬರನ್ನು ಕೇಳಿದ್ದಕ್ಕೆ, ಕುರಿ ಬಿಟ್ಟು ಕರೆದ ಕೂಡಲೇ ಬರುವ ನಾಯಿ ಯಾತಕ್ಕೆ ಬೇಕೆಂದು ಅವರು ನನ್ನನ್ನೇ ತಿರುಗಿ ಕೇಳಿದರು. ವಿಧೇಯತೆಯೆಂದು ನಾನು ಅಂಕ ಕೊಡಬೇಕೆಂದಿದ್ದ ಗುಣ ಅವರ ಪಾಲಿಗೆ ಕೊರತೆ. ಪೇಟೆಯ ನಾಯಿಗೂ ಮಂದೆಯ ನಾಯಿಗೂ ಒಂದೇ ಹಾಳೆ ಕೊಟ್ಟು ಸರಾಸರಿಗಳನ್ನು ಹೋಲಿಸುವ ತಪ್ಪನ್ನು ನೀವು ಮಾಡಬೇಡಿ. ಒಂದು ಕಿರುಪ್ರಬಂಧಕ್ಕೆ ಚಿತ್ರದುರ್ಗ ಪಟ್ಟಣದ ಸಾಕುನಾಯಿಗಳಷ್ಟೇ ಸಾಕು. ಬೀದಿನಾಯಿಗಳನ್ನಂತೂ ಸೇರಿಸಿಕೊಳ್ಳಲೇಬೇಡಿ. ಅನ್ನ ಹಾಕುವವರು ಹತ್ತು ಜನರಿದ್ದು ಪ್ರತಿಯೊಬ್ಬರೂ ದಿನದ ಒಂದು ಗಳಿಗೆಯನ್ನು ಮಾತ್ರ ನೋಡಿರುತ್ತಾರೆ. ಅಲ್ಲಿ ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ತಂಡದವರು ಮಾಡುತ್ತಿರುವಂತೆ ಬೀದಿಯಲ್ಲೇ ನಿಂತು ನೋಡಿ ದಾಖಲಿಸುವುದೇ ಸರಿಯಾದ ಕ್ರಮ.

ತಳಿಯ ಬಗ್ಗೆ ಮಾಹಿತಿ ಪಡೆಯಿರಿ, ಆದರೆ ಅದನ್ನೇ ಪ್ರಬಂಧದ ಕೇಂದ್ರ ಮಾಡಿಕೊಳ್ಳಬೇಡಿ. 2022ರಲ್ಲಿ ಎಲಿನಾರ್ ಕಾರ್ಲ್ಸನ್ ಅವರ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18,385 ನಾಯಿಗಳ ಬಗ್ಗೆ ಮಾಲೀಕರು ಕೊಟ್ಟ ಉತ್ತರಗಳೂ 2,155 ನಾಯಿಗಳ ಡಿ.ಎನ್.ಎ. ಮಾಹಿತಿಯೂ ಇದ್ದವು, ಒಂದೊಂದು ನಾಯಿಯ ವರ್ತನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಶೇಕಡಾ 9ರಷ್ಟು ಮಾತ್ರವೆಂದು ಕಂಡುಬಂತು. ಸಿ-ಬಾರ್ಕ್ ಬಳಸಿ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮನುಷ್ಯರ ಮೇಲಿನ ಆಕ್ರಮಣಶೀಲತೆಯಲ್ಲಿ ಮುಂದಿದ್ದವು ಡ್ಯಾಶ್‌ಹುಂಡ್, ಚಿವಾವಾದಂಥ ಪುಟ್ಟ ತಳಿಗಳು. ನಮ್ಮ ಬಡಾವಣೆಗಳ ಪಮೇರಿಯನ್‌ಗಳು ಹಲ್ಲು ತೋರಿದರೆ ಮನೆಯವರು ನಗುತ್ತಾರೆ, ಅದೇ ಕೆಲಸವನ್ನು ಮುಧೋಳ ನಾಯಿ ಮಾಡಿದರೆ ಓಣಿಯೇ ನೆನಪಿಟ್ಟುಕೊಳ್ಳುತ್ತದೆ.

ಲೆಕ್ಕದ ಭಾಗಕ್ಕೆ ಬಂದರೆ, ನಿಮ್ಮ ಮಾರ್ಗದರ್ಶಕರನ್ನು ಒಪ್ಪಿಸುವ ಸಾಮಗ್ರಿ ಇರುವುದು ಒಂದೇ ಮನೆಯ ಇಬ್ಬರಿಂದ ಬೇರೆ ಬೇರೆಯಾಗಿ ತುಂಬಿಸಿದ ಹಾಳೆಗಳಲ್ಲಿ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಂತೆ ತುಂಬಿಸಿರಿ; ಜಗುಲಿಯಲ್ಲಿ ಒಟ್ಟಿಗೆ ಕೂರಿಸಿದರೆ ಯಜಮಾನರು ಹೇಳಿದ್ದನ್ನೇ ಉಳಿದವರು ಬರೆಯುತ್ತಾರೆ. ನಾಲ್ಕಾರು ವಾರಗಳ ಬಳಿಕ ಕೆಲವು ಮನೆಗಳಲ್ಲಾದರೂ ಮತ್ತೆ ತುಂಬಿಸಿ ಹೋಲಿಸಿ. ಸದ್ದಿನ ಭಯದ ಪ್ರಶ್ನೆಗಳಿದ್ದರೆ ಈ ಎರಡು ಸುತ್ತುಗಳ ನಡುವೆ ಗಣಪತಿ ಮೆರವಣಿಗೆಯಾಗಲಿ ದೀಪಾವಳಿಯಾಗಲಿ ಬಾರದಂತೆ ದಿನ ಗೊತ್ತುಮಾಡಿಕೊಳ್ಳಿ, ಇಲ್ಲವಾದರೆ ಉತ್ತರ ಬದಲಾದದ್ದು ಪಟಾಕಿಯಿಂದಲೋ ಪ್ರಶ್ನೆಯ ದೋಷದಿಂದಲೋ ತಿಳಿಯದು. ಒಂದೇ ಮನೆಯಲ್ಲಿ ಎರಡು ನಾಯಿಗಳಿದ್ದರೆ ಒಂದನ್ನು ಚೀಟಿ ಎತ್ತಿ ಆರಿಸಿ. ಅವೆರಡನ್ನೂ ಸ್ವತಂತ್ರ ಮಾಹಿತಿಯೆಂದು ಎಣಿಸುವಂತಿಲ್ಲ. ಅಂಶ ವಿಶ್ಲೇಷಣೆಗೆ ಪ್ರಶ್ನೆಗೆ ಕನಿಷ್ಠ ಐದು ನಾಯಿಗಳಾದರೂ ಬೇಕೆಂಬ ಹಳೆಯ ರೂಢಿ ಇದೆ. ಹಾಗಾಗಿ ನೂರು ಪ್ರಶ್ನೆಗಳ ಆಸೆ ಬಿಟ್ಟು, ಅಪರಿಚಿತರ ಮುಂದಿನ ವರ್ತನೆ, ಸದ್ದಿನ ಭಯ, ಮಾತು ಕೇಳುವಿಕೆ ಎಂಬ ಮೂರು ವಿಷಯಗಳಿಗೆ ಇಪ್ಪತ್ತು ಪ್ರಶ್ನೆಗಳನ್ನು ಇಟ್ಟುಕೊಂಡು ನೂರಕ್ಕೂ ಹೆಚ್ಚು ಮನೆಗಳನ್ನು ಹುಡುಕುವುದು ಜಾಣತನ. ಮನೆಗಳನ್ನು ಪಶು ಆಸ್ಪತ್ರೆಯ ಸಾಲಿನಿಂದ ಮಾತ್ರ ಆರಿಸಿಕೊಳ್ಳಬೇಡಿ, ಲಸಿಕೆಗೆ ಕರೆತರುವಷ್ಟು ಪಳಗಿದ ನಾಯಿಗಳೇ ಅಲ್ಲಿ ಸಿಗುತ್ತವೆ.

ಹಾಳೆಗಳನ್ನು ಮುದ್ರಿಸುವ ಮೊದಲು ನಿಮ್ಮ ಬೀದಿಯ ಹತ್ತು ಮನೆಗಳಲ್ಲಿ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ ಹೇಳಿ, “ಈ ಪ್ರಶ್ನೆಯಿಂದ ನಿಮಗೆ ಏನು ಅರ್ಥವಾಯಿತು?” ಎಂದು ಕೇಳಿಕೊಳ್ಳಿ. ನಾನು ಅಷ್ಟು ಮಾಡಿದ್ದರೆ ‘ಜೋರು’ ಮೊದಲ ಮನೆಯಲ್ಲೇ ಬಿದ್ದುಹೋಗುತ್ತಿತ್ತು.