ಅಮೆರಿಕದಲ್ಲಿ ಟ್ಯಾಕ್ಸ್ ಫೈಲ್ ಮಾಡಲೇಬೇಕು ಎನ್ನುವ ಕಾನೂನು ಇದೆಯಾ?

ನೀವು ಕೇಳಿರುವುದು ಇದು: ಎಚ್-1ಬಿ ಕೆಲಸದ ವೀಸಾ ಮೇಲೆ ಟೆಕ್ಸಾಸ್‌ಗೆ ಬಂದು ಎರಡು ವರ್ಷವಾಗಿದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರು “ಇನ್‌ಕಮ್ ಟ್ಯಾಕ್ಸ್ ಫೈಲ್ ಮಾಡಬೇಕು ಅನ್ನೋ ಕಾನೂನೇ ಇಲ್ಲ, ಎಲ್ಲ ವಾಲಂಟರಿ, ಇದ್ದರೆ ತೋರಿಸು” ಎನ್ನುತ್ತಾರೆ. ವಿಡಿಯೊಗಳನ್ನೂ ಕಳಿಸುತ್ತಾರೆ. ಹೋದ ವರ್ಷದ ರಿಟರ್ನ್ ನೀವಿನ್ನೂ ಹಾಕಿಲ್ಲ. ಸುಮ್ನೆ ಬಿಟ್ಟರೆ ಏನಾಗುತ್ತದೆ?

ಬಿಡಬೇಡಿ. ಕಾನೂನು ಇದೆ, ಅದಕ್ಕೆ ನಂಬರೂ ಇದೆ. ಅಮೆರಿಕದ ಕಾನೂನು ಸಂಹಿತೆಯ 26ನೇ ಭಾಗ, ಸೆಕ್ಷನ್ 6012. ಯಾರು ರಿಟರ್ನ್ ಹಾಕಲೇಬೇಕು ಎಂದು ಅದು ಹೇಳುತ್ತದೆ. ಟ್ಯಾಕ್ಸ್ ಹೇರುವುದು ಸೆಕ್ಷನ್ 1. ಬೇಕೆಂದೇ ಫೈಲ್ ಮಾಡದಿದ್ದರೆ ಅಪರಾಧ ಎನ್ನುವುದು 7203: ಒಂದು ವರ್ಷದವರೆಗೆ ಜೈಲು, 25,000 ಡಾಲರ್‌ವರೆಗೆ ದಂಡ. ನಿಮ್ಮ ಗೆಳೆಯರು “ತೋರಿಸು” ಎಂದರೆ ತೋರಿಸುವುದಕ್ಕೆ ಎರಡು ನಿಮಿಷ ಸಾಕು. ಆದರೆ ಅವರು ಒಪ್ಪುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಅವರ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಎಲ್ಲರೂ ಫೈಲ್ ಮಾಡಬೇಕಿಲ್ಲ. 2024ರ ಆದಾಯಕ್ಕೆ, 65 ತುಂಬದ ಒಂಟಿ ವ್ಯಕ್ತಿಗೆ ಮಿತಿ 14,600 ಡಾಲರ್ ಇತ್ತು. ಅದಕ್ಕಿಂತ ಕಡಿಮೆ ಸಂಬಳ ಬಂದವರು ಸಾಮಾನ್ಯವಾಗಿ ಹಾಕಬೇಕಿರಲಿಲ್ಲ. ಸಾಫ್ಟ್‌ವೇರ್ ಸಂಬಳ ತೆಗೆದುಕೊಳ್ಳುವ ನಿಮಗೂ ನನಗೂ ಆ ಬಾಗಿಲು ಮುಚ್ಚಿದೆ ಬಿಡಿ.

ಇನ್ನು ಆ “ವಾಲಂಟರಿ” ಪದದ ಕಥೆ. ಅದನ್ನು ಅವರು ಹುಟ್ಟಿಸಿದ್ದಲ್ಲ. 1960ರಲ್ಲಿ ಫ್ಲೋರಾ ಎನ್ನುವ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಬರೆದಿದೆ: ನಮ್ಮ ತೆರಿಗೆ ಪದ್ಧತಿ ನಿಂತಿರುವುದು ಜನ ತಾವೇ ಲೆಕ್ಕ ಹಾಕಿ ಕಟ್ಟುವುದರ ಮೇಲೆ, ಜಪ್ತಿಯ ಮೇಲಲ್ಲ. ವಿಡಿಯೊಗಳಲ್ಲಿ ಈ ಸಾಲನ್ನು ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರೆ. ಆದರೆ ಆ ತೀರ್ಪು ಕೊನೆಗೆ ಹೇಳಿದ್ದೇನು ಗೊತ್ತಾ? ಟ್ಯಾಕ್ಸ್ ವಿಷಯದಲ್ಲಿ ತಕರಾರಿದ್ದು ರಿಫಂಡ್‌ಗೆ ಡಿಸ್ಟ್ರಿಕ್ಟ್ ಕೋರ್ಟಿಗೆ ಹೋಗುವುದಾದರೆ, ಮೊದಲು ಪೂರ್ತಿ ಬಾಕಿ ಕಟ್ಟಿ, ಆಮೇಲೆ ಬನ್ನಿ! ಅಂಥ ತೀರ್ಪಿನಿಂದ ಒಂದೇ ಸಾಲು ಕಿತ್ತು ತಂದಿದ್ದಾರೆ.

ನನಗೆ ಇದು ಅರ್ಥವಾಗಿದ್ದು ಬೆಂಗಳೂರಿನ ಮನೆ ಕಂದಾಯದಿಂದ. ಅಲ್ಲಿ ಎಷ್ಟೋ ವರ್ಷದಿಂದ ಸ್ವಯಂ ಘೋಷಣೆ ಪದ್ಧತಿ ಇದೆ, ಅಲ್ವಾ? ಎಷ್ಟು ಚದರಡಿ ಕಟ್ಟಿದ್ದೇವೆ, ಬಾಡಿಗೆಗೆ ಕೊಟ್ಟಿದ್ದೇವಾ, ಎಲ್ಲ ನಾವೇ ಬರೆದು, ನಾವೇ ಗುಣಾಕಾರ ಮಾಡಿ, ನಾವೇ ಕಟ್ಟುತ್ತೇವೆ. ನಮ್ಮಪ್ಪ ಪ್ರತಿ ಏಪ್ರಿಲ್‌ನಲ್ಲಿ ರಿಯಾಯಿತಿ ತಪ್ಪಬಾರದೆಂದು ಕ್ಯಾಲ್ಕುಲೇಟರ್ ಹಿಡಿದು ಕೂರುತ್ತಿದ್ದರು. “ಸ್ವಯಂ” ಎಂದಿದೆ, ಹಾಗಾಗಿ ಬೇಕಾದರೆ ಕಟ್ಟುತ್ತೇನೆ ಎಂದು ಅವರಿಗೆ ಒಂದು ದಿನವೂ ಅನಿಸಲಿಲ್ಲ. ಅಮೆರಿಕದ “ವಾಲಂಟರಿ” ಅದೇ ಜಾತಿಯದು. ಲೆಕ್ಕ ಬರೆಯುವ ಕೈ ನಮ್ಮದು, ಅಷ್ಟೇ.

ಎರಡನೇ ವಾದ ಅಮೆರಿಕದ ಸಂವಿಧಾನದ 16ನೇ ತಿದ್ದುಪಡಿಯದು. 1894ರಲ್ಲಿ ತಂದ ಇನ್‌ಕಮ್ ಟ್ಯಾಕ್ಸನ್ನು ಸುಪ್ರೀಂ ಕೋರ್ಟು 1895ರಲ್ಲಿ ಹೊಡೆದುಹಾಕಿತ್ತು. ಅದಕ್ಕೇ ಸಂವಿಧಾನ ತಿದ್ದಬೇಕಾಯಿತು. 1913ರ ಫೆಬ್ರವರಿಯಲ್ಲಿ ತಿದ್ದುಪಡಿ ಜಾರಿಯಾಯಿತು. ಆಗ 48 ರಾಜ್ಯಗಳಿದ್ದವು, 36ರ ಒಪ್ಪಿಗೆ ಬೇಕಿತ್ತು, ಕೊನೆಗೆ 42 ಒಪ್ಪಿದವು. ಆದರೆ ಕೆಲವು ರಾಜ್ಯಗಳು ಕಳಿಸಿದ ಪ್ರತಿಯಲ್ಲಿ ಅಲ್ಪವಿರಾಮ ಬೇರೆ ಕಡೆ ಇತ್ತು, ದೊಡ್ಡಕ್ಷರ ಸಣ್ಣಕ್ಷರ ಹೆಚ್ಚುಕಡಿಮೆ ಆಗಿತ್ತು, ಹಾಗಾಗಿ ಇದು ಲೆಕ್ಕಕ್ಕಿಲ್ಲ ಎನ್ನುತ್ತಾರೆ. ಪಹಣಿಯಲ್ಲಿ ಹೆಸರಿಗೆ ಒಂದು ಕೊಂಬು ಬಿಟ್ಟಿದೆ ಎಂದು ತೋಟವೇ ಇಲ್ಲ ಎಂದ ಹಾಗೆ.

ಓಹಾಯೋ ವಾದ ನನಗೆ ತುಂಬ ಇಷ್ಟ. ಓಹಾಯೋ ಒಕ್ಕೂಟಕ್ಕೆ ಸೇರಿದ್ದು 1803ರಲ್ಲಿ. ಅದಕ್ಕೆ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಮಾಡಬೇಕಿದ್ದ ಒಂದು ಔಪಚಾರಿಕ ನಿರ್ಣಯ ಮರೆತುಹೋಗಿತ್ತು. 1953ರಲ್ಲಿ ನೆನಪಾಗಿ, 1803ರಿಂದಲೇ ಅನ್ವಯ ಎಂದು ಪಾಸು ಮಾಡಿದರು. ಇವರು ಅದನ್ನು ಹಿಡಿದುಕೊಂಡರು: ಹಾಗಾದರೆ 1913ರಲ್ಲಿ ಓಹಾಯೋ ರಾಜ್ಯವೇ ಅಲ್ಲ, ಅಲ್ಲಿ ಹುಟ್ಟಿದ ಟ್ಯಾಫ್ಟ್ ಅಧ್ಯಕ್ಷರೇ ಅಲ್ಲ, ಅವರ ಕಾಲದ ತಿದ್ದುಪಡಿ ತಿದ್ದುಪಡಿಯೇ ಅಲ್ಲ! ಕೋರ್ಟುಗಳು ಇದನ್ನೂ ಒಪ್ಪಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಸೋತರೂ ಈ ವಾದ ಯಾಕೆ ಸಾಯುವುದಿಲ್ಲ? ನನ್ನ ಪ್ರಕಾರ ಅದಕ್ಕೆ ಕಾರಣ ಚೀಕ್ ಎನ್ನುವ ಪೈಲಟ್‌ನ ಕೇಸು. ಈತ 1980ರಿಂದ ಫೈಲ್ ಮಾಡುವುದನ್ನು ನಿಲ್ಲಿಸಿದ್ದ. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1991ರಲ್ಲಿ ಕೋರ್ಟು ಹೇಳಿದ್ದು ಸ್ವಲ್ಪ ವಿಚಿತ್ರವಾಗಿದೆ. ಟ್ಯಾಕ್ಸ್ ಕಾನೂನು ಜಟಿಲ. ಹಾಗಾಗಿ ಒಬ್ಬ ಮನುಷ್ಯ ಪ್ರಾಮಾಣಿಕವಾಗಿ “ಇದು ನನಗೆ ಅನ್ವಯಿಸುವುದಿಲ್ಲ” ಎಂದು ತಪ್ಪು ತಿಳಿದಿದ್ದರೆ, ಆ ತಿಳಿವಳಿಕೆ ಎಷ್ಟೇ ಪೆದ್ದಾಗಿದ್ದರೂ ಸರಿ, ಅವನು “ಬೇಕೆಂದೇ” ಮಾಡಿದ ಎನ್ನಲಾಗದು. ಆದರೆ ಕಾನೂನು ಗೊತ್ತಿದ್ದೂ “ಇದು ಸಂವಿಧಾನಕ್ಕೆ ವಿರುದ್ಧ” ಎಂದು ಕಟ್ಟದಿದ್ದರೆ ಆ ನೆಪ ನಡೆಯದು. ಜನ ಮೊದಲರ್ಧ ಕೇಳಿ ಕುಣಿದರು. ಚೀಕ್‌ನನ್ನು ಮತ್ತೆ ವಿಚಾರಣೆ ಮಾಡಿದರು. ಜ್ಯೂರಿ ಅವನ ಪ್ರಾಮಾಣಿಕತೆಯನ್ನು ನಂಬಲಿಲ್ಲ. ಶಿಕ್ಷೆ ಒಂದು ವರ್ಷ ಒಂದು ದಿನ.

2003ರಲ್ಲಿ ಮೆಂಫಿಸ್‌ನಲ್ಲಿ ಇನ್ನೊಬ್ಬ ಪೈಲಟ್, ಈ ಸಲ ಮಹಿಳೆ, ಇದೇ ದಾರಿಯಲ್ಲಿ ಖುಲಾಸೆಯಾದರು. (ಪೈಲಟ್‌ಗಳಿಗೂ ಈ ವಾದಕ್ಕೂ ಏನು ನಂಟೋ!) ನಿಮ್ಮ ಗೆಳೆಯರ ವಿಡಿಯೊದಲ್ಲಿ ಈ ಸುದ್ದಿ ಖಂಡಿತ ಇರುತ್ತದೆ. ಆಮೇಲೆ ಆಕೆ ಬಾಕಿ ಟ್ಯಾಕ್ಸನ್ನೂ ದಂಡವನ್ನೂ ಕಟ್ಟಲು ಒಪ್ಪಿಕೊಳ್ಳಬೇಕಾಯಿತು ಎನ್ನುವುದು ಇರುವುದಿಲ್ಲ. ಜೈಲು ತಪ್ಪುವುದು ಬೇರೆ, ಸಾಲ ತಪ್ಪುವುದು ಬೇರೆ.

ನಟ ವೆಸ್ಲಿ ಸ್ನೈಪ್ಸ್ ಕಥೆ ನಿಮಗೆ ಗೊತ್ತಿರಬಹುದು. ಅಮೆರಿಕದವನು ಅಮೆರಿಕದೊಳಗೆ ದುಡಿದದ್ದಕ್ಕೆ ಟ್ಯಾಕ್ಸೇ ಇಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ, ಹಿಂದೆ ಕಟ್ಟಿದ್ದ ಲಕ್ಷಗಟ್ಟಲೆ ಡಾಲರ್ ವಾಪಸ್ ಕೊಡಿ ಎಂದು ಬೇರೆ ಕೇಳಿದ್ದ. 2008ರಲ್ಲಿ ದೊಡ್ಡ ಆರೋಪಗಳಿಂದ ಪಾರಾದ. ಆದರೆ ಮೂರು ವರ್ಷ ಫೈಲ್ ಮಾಡದ ತಪ್ಪಿಗೆ ಮೂರು ವರ್ಷ ಶಿಕ್ಷೆ ಬಿತ್ತು. ಈ ವಾದವನ್ನು ಜೀವನಪೂರ್ತಿ ಊರೂರಿಗೆ ಸಾರಿದ ಅರ್ವಿನ್ ಶಿಫ್ 2015ರಲ್ಲಿ, 87ನೇ ವಯಸ್ಸಿನಲ್ಲಿ ಜೈಲುವಾಸಿಯಾಗಿಯೇ ತೀರಿಕೊಂಡ. ಆತನ ಹಟ ನೋಡಿದರೆ ನನಗೆ ಸ್ವಲ್ಪ ಅಯ್ಯೋ ಅನಿಸುತ್ತದೆ.

ಇವರೆಲ್ಲ ಅಮೆರಿಕದ ಪ್ರಜೆಗಳು. ಶಿಕ್ಷೆ ಮುಗಿದರೆ ಮನೆಗೆ ಹೋಗುತ್ತಾರೆ. ನಿಮ್ಮ ಗೆಳೆಯರೂ ಹಾಗೇ. ನಮ್ಮದು ಹಾಗಲ್ಲ. ಗ್ರೀನ್ ಕಾರ್ಡ್ ಇದ್ದ ಜಪಾನಿನ ದಂಪತಿ ಸುಳ್ಳು ಟ್ಯಾಕ್ಸ್ ರಿಟರ್ನ್ ಕೇಸಿನಲ್ಲಿ ತಪ್ಪೊಪ್ಪಿಕೊಂಡಿದ್ದರು. ಸರ್ಕಾರಕ್ಕೆ 10,000 ಡಾಲರ್‌ಗಿಂತ ಜಾಸ್ತಿ ನಷ್ಟವಾದ ಇಂಥ ಅಪರಾಧಕ್ಕೆ ಗಡೀಪಾರು ಮಾಡಬಹುದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಫೈಲ್ ಮಾಡದಿರುವುದು ಅದೇ ಅಪರಾಧವಲ್ಲ, ನಿಜ. ಆದರೂ ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಟ್ಯಾಕ್ಸ್ ಬಗ್ಗೆ ಪ್ರಶ್ನೆ ಇದ್ದೇ ಇರುತ್ತದೆ. ಅಲ್ಲಿ ಓಹಾಯೋ ಕಥೆ ಹೇಳಲಾದೀತೇ?

ನಾನೇನು ಮಹಾ ಸಾಚಾ ಅಲ್ಲ. ಓದುವಾಗ ಯೂನಿವರ್ಸಿಟಿ ಲೈಬ್ರರಿಯಲ್ಲಿ ಗಂಟೆ ಲೆಕ್ಕದ ಕೆಲಸ ಮಾಡುತ್ತಿದ್ದೆ. ಪೇಚೆಕ್‌ನಲ್ಲಿ ಹಿಡಿದುಕೊಂಡಿದ್ದಾರಲ್ಲ, ಇನ್ನೇನು ಫೈಲ್ ಮಾಡುವುದು ಎಂದು ಬಿಟ್ಟುಬಿಟ್ಟೆ. ಊರಲ್ಲಿ ಟಿಡಿಎಸ್ ಕಡಿದರೆ ಮುಗಿಯಿತು ಎನ್ನುತ್ತಾರಲ್ಲ, ಅದೇ ಬುದ್ಧಿ. ನಾಲ್ಕು ವರ್ಷದ ಮೇಲೆ ಲೆಕ್ಕ ನೋಡಿದರೆ, ನನಗೇ 200 ಡಾಲರ್ ಚಿಲ್ಲರೆ ವಾಪಸ್ ಬರಬೇಕಿತ್ತು. ಮೂರು ವರ್ಷದೊಳಗೆ ಕೇಳದಿದ್ದರೆ ಅದು ಸರ್ಕಾರಕ್ಕೇ ಹೋಗುತ್ತದೆ. ಹೋಯಿತು. ಆಗ ಆ ದುಡ್ಡೆಂದರೆ ನನಗೆ ಒಂದು ತಿಂಗಳ ದಿನಸಿ.

ನಿಮ್ಮ ವಿಷಯಕ್ಕೆ ಬಂದರೆ, ಬಾಕಿ ಇದ್ದು ಫೈಲ್ ಮಾಡದಿದ್ದರೆ ಪ್ರತಿ ತಿಂಗಳು ಬಾಕಿಯ ಶೇ. 5ರಷ್ಟು, ಒಟ್ಟು ಶೇ. 25ರವರೆಗೆ ದಂಡ ಬೆಳೆಯುತ್ತದೆ. ಫೈಲ್ ಮಾಡಿ ದುಡ್ಡು ಕಟ್ಟದಿದ್ದರೆ ತಿಂಗಳಿಗೆ ಅರ್ಧ ಪರ್ಸೆಂಟ್ ಮಾತ್ರ. ಬಡ್ಡಿ ಎರಡಕ್ಕೂ ಇದೆ. ಹಾಗಾಗಿ ಕೈಯಲ್ಲಿ ದುಡ್ಡಿಲ್ಲದಿದ್ದರೂ ರಿಟರ್ನ್ ಹಾಕಿಬಿಡಿ. ಹಾಕದಿದ್ದರೆ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಕಾಲಮಿತಿಯೇ ಇಲ್ಲ, ಹತ್ತು ವರ್ಷದ ಮೇಲೂ ಬಾಗಿಲು ತಟ್ಟಬಹುದು. ಹಾಕಿದರೆ ಸಾಮಾನ್ಯವಾಗಿ ಮೂರು ವರ್ಷ. ಇನ್ನೊಂದು ವಿಷಯ: ಆ ವಿಡಿಯೊಗಳಲ್ಲಿ ಹೇಳಿದ ಹಾಗೆ ಎಲ್ಲ ಕಡೆ ಸೊನ್ನೆ ಬರೆದು ಕಳಿಸಬೇಡಿ. ಅಂಥ ರಿಟರ್ನಿಗೆ 5,000 ಡಾಲರ್ ದಂಡ ಪ್ರತ್ಯೇಕವಾಗಿದೆ.

ಊರಿನ ಬ್ಯಾಂಕಿನ ಎಫ್‌ಡಿ ಬಡ್ಡಿಯನ್ನೂ ಸೇರಿಸಿ. ಎನ್‌ಆರ್‌ಇ (ಅನಿವಾಸಿ ಭಾರತೀಯರ) ಖಾತೆಯ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ, ಇಲ್ಲಿ ಇದೆ. ಅಲ್ಲಿನ ಎಲ್ಲ ಖಾತೆ ಸೇರಿ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಎನ್ನುವ ವಿದೇಶಿ ಖಾತೆಗಳ ವರದಿ ಬೇರೆ ಹಾಕಬೇಕು. ನಮ್ಮವರು ಎಡವುವುದು ಜಾಸ್ತಿ ಇಲ್ಲೇ.

ಡಬ್ಲ್ಯು-2, ಅಂದರೆ ಕಂಪನಿ ಕೊಡುವ ವರ್ಷದ ಸಂಬಳದ ಫಾರ್ಮ್, ಕಳೆದುಹೋಗಿದ್ದರೆ ಐಆರ್‌ಎಸ್ ಸೈಟಿನಲ್ಲಿ ಅಕೌಂಟ್ ಮಾಡಿಕೊಂಡು ಸಂಬಳದ ಟ್ರಾನ್ಸ್‌ಕ್ರಿಪ್ಟ್ ತೆಗೆಯಬಹುದು. ಟೆಕ್ಸಾಸ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ಲ, ಆ ತಾಪತ್ರಯ ನಿಮಗಿಲ್ಲ. ನನಗೆ ನ್ಯೂಜೆರ್ಸಿದು ಬೇರೆ ಹಾಕಬೇಕು.