ಲಾಖ್ ಟೇ ದಂಡೆಯ ಕಿಲಿನ್‌ನಲ್ಲಿ ನಾಲ್ಕು ವರ್ಷ

ಸ್ಕಾಟ್ಲೆಂಡಿನ ಲಾಖ್ (ಅಲ್ಲಿ ಸರೋವರಕ್ಕೆ ಹಾಗನ್ನುತ್ತಾರೆ) ಪಕ್ಕದ ಹಳ್ಳಿಯೊಂದರಲ್ಲಿ ಯಜಮಾನರಿಗೆ ಕೆಲಸ ಸಿಕ್ಕಿದೆ, ಏಳು ವರ್ಷದ ಮಗಳನ್ನು ಕರೆದುಕೊಂಡು ಹೋಗಬೇಕು, ಅಂಥ ಊರಲ್ಲಿ ಬೆಳೆದವರಿದ್ದರೆ ಬಾಲ್ಯ ಹೇಗಿತ್ತು ಹೇಳಿ ಅಂತ ಕೇಳಿದ್ದೀರಿ. ನಾನು ಬೆಳೆದಿದ್ದೇನೆ. ಪೂರ್ತಿ ಬಾಲ್ಯ ಅಲ್ಲ, ಆರರಿಂದ ಹತ್ತನೇ ವಯಸ್ಸಿನವರೆಗೆ, 1985ರಿಂದ 1989. ಅಪ್ಪ ಡಾಕ್ಟರ್, ನಮ್ಮದು ತೀರ್ಥಹಳ್ಳಿ ಕಡೆ. ನಾವಿದ್ದಿದ್ದು ಲಾಖ್ ಟೇ ಪಶ್ಚಿಮದ ತುದಿಯಲ್ಲಿರುವ ಕಿಲಿನ್ ಅನ್ನೋ ಊರಲ್ಲಿ. ಸಾವಿರ ಜನವೂ ಇಲ್ಲದ ಊರು.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗಳ ಬಗ್ಗೆ ಜಾಸ್ತಿ ಚಿಂತೆ ಮಾಡಬೇಡಿ, ನಿಮ್ಮ ಬಗ್ಗೆ ಸ್ವಲ್ಪ ಯೋಚನೆ ಮಾಡಿಕೊಳ್ಳಿ. ಯಾಕೆಂದರೆ ಆ ಊರಿನ ಬಗ್ಗೆ ನನಗಿರುವ ನೆನಪು ಬೇರೆ, ಅಮ್ಮನಿಗಿರುವ ನೆನಪು ಬೇರೆ. ಒಂದೇ ಮನೆ, ಒಂದೇ ಕಿಟಕಿ, ಆದರೂ.

ನನ್ನದು ಮೊದಲು. ಶಾಲೆಯಲ್ಲಿ ಮೊದಲ ವಾರವೇ ಮಕ್ಕಳು ನನಗೆ ಕಲಿಸಿದ್ದು "ಲಾಖ್" ಅನ್ನೋದನ್ನು. "ಲಾಕ್" ಅಂದರೆ ಬೀಗ ಆಗಿಬಿಡುತ್ತದೆ. ಗಂಟಲಿನಿಂದ ಉಸಿರು ಉಜ್ಜಿಕೊಂಡು ಬರಬೇಕು, ಉರ್ದು ಮಾತಾಡುವವರು "ಖಬರ್" ಅನ್ನುತ್ತಾರಲ್ಲ, ಹಾಗೆ. ನಾನು ಸರಿಯಾಗಿ ಅಂದ ದಿನ ಪಕ್ಕದ ಬೆಂಚಿನ ಹುಡುಗಿ ಎದ್ದು ನಿಂತು ಚಪ್ಪಾಳೆ ತಟ್ಟಿದ್ದಳು. ಅವತ್ತಿಂದ ನಾನು ಆ ಊರಿನವಳು.

ಲಾಖ್ ಅಂದರೆ ಸುಮ್ನೆ ಕೆರೆ ಅಂದುಕೊಳ್ಳಬೇಡಿ. ಲಾಖ್ ಟೇ ಸುಮಾರು 23 ಕಿಲೋಮೀಟರ್ ಉದ್ದ, ಆಳ 150 ಮೀಟರಿಗೂ ಜಾಸ್ತಿ. ಶರಾವತಿ ಹಿನ್ನೀರು ನೋಡಿದ್ದರೆ ಸ್ವಲ್ಪ ಅಂದಾಜು ಸಿಗುತ್ತದೆ, ಎರಡೂ ಕಡೆ ಗುಡ್ಡ, ನಡುವೆ ಉದ್ದಕ್ಕೆ ಮಲಗಿದ ನೀರು. ಆ ತುದಿಯ ಕೆನ್ಮೋರ್‌ನಲ್ಲಿ ಅದರಿಂದ ಟೇ ನದಿ ಹೊರಡುತ್ತದೆ, ಸ್ಕಾಟ್ಲೆಂಡಿನ ಎಲ್ಲಕ್ಕಿಂತ ಉದ್ದದ ನದಿ ಅದು. ನಮ್ಮ ತುದಿಯಲ್ಲಿ ಡಾಖರ್ಟ್ ಹೊಳೆ ಊರಿನ ನಡುವೆಯೇ ಬಂಡೆಗಳ ಮೇಲೆ ಹಾರಿಕೊಂಡು ಬಂದು, ಕಲ್ಲಿನ ಸೇತುವೆಯ ಕೆಳಗೆ ನುಗ್ಗಿ ಲಾಖ್ ಸೇರುತ್ತದೆ. ರಾತ್ರಿ ಗುಡ್ಡದ ಮೇಲೆ ಮಳೆಯಾದರೆ ಬೆಳಗ್ಗೆ ಹೊಳೆಯ ಸದ್ದೇ ಬದಲಾಗಿರುತ್ತಿತ್ತು. ಅಮ್ಮ ಹಾಸಿಗೆಯಲ್ಲೇ ಕೇಳಿಸಿಕೊಂಡು "ಓ, ತುಂಗೆ ಏರಿದ್ದಾಳೆ" ಅನ್ನುತ್ತಿದ್ದಳು. ನಾನು ಎಷ್ಟೋ ದಿನ ಅದರ ಹೆಸರು ನಿಜವಾಗಿಯೂ ತುಂಗೆ ಅಂತಲೇ ನಂಬಿದ್ದೆ.

ನೀರಿನ ಬಗ್ಗೆ ಒಂದು ಮಾತು, ಮಗಳಿಗೆ ಮೊದಲ ದಿನವೇ ಹೇಳಿ. ಬೇಸಿಗೆಯಲ್ಲೂ ಆ ನೀರು ಮೂಳೆ ಕೊರೆಯುತ್ತದೆ, ಸ್ವಲ್ಪ ಮುಂದೆ ಹೋದರೆ ಆಳ. ಊರಿನ ಎಲ್ಲ ಮಕ್ಕಳಿಗೂ ಒಂದೇ ನಿಯಮ, ದೊಡ್ಡವರಿಲ್ಲದೆ ಮೊಣಕಾಲಿನ ಮೇಲೆ ನೀರು ಬರಬಾರದು. ನಾವು ದಡದಲ್ಲೇ ಚಪ್ಪಟೆ ಕಲ್ಲು ಹುಡುಕಿ ಕಪ್ಪೆ ಹಾರಿಸುತ್ತಿದ್ದೆವು. ಜೂನ್‌ನಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕು! ಊಟ ಆದಮೇಲೂ ಆಟ, ಮಲಗು ಅಂದರೆ ನಿದ್ದೆ ಎಲ್ಲಿಂದ ಬರಬೇಕು? ಅಮ್ಮ ಹಳೆಯ ಕಂಬಳಿಯನ್ನು ಕಿಟಕಿಗೆ ಮೊಳೆ ಹೊಡೆದು ಕಟ್ಟಿದ್ದಳು. ಗಾಳಿ ಇಲ್ಲದ ಸಂಜೆ ನುಸಿ ಬರುತ್ತದೆ, ಅಲ್ಲಿ ಮಿಜ್ ಅನ್ನುತ್ತಾರೆ. ನಮ್ಮ ಮಲೆನಾಡಿನ ನುಸಿಗಿಂತಲೂ ಚಿಕ್ಕದು, ಆದರೆ ಕೂದಲ ಬುಡಕ್ಕೇ ಹೋಗಿ ಕಚ್ಚುತ್ತದೆ. ಗಾಳಿ ಬೀಸಿದರೆ ಒಂದೂ ಇರುವುದಿಲ್ಲ, ಹಾಗಾಗಿ ಮೋಡ ಬಂತಾ ಅನ್ನುವುದಕ್ಕಿಂತ ಗಾಳಿ ಇದೆಯಾ ಅಂತ ನೋಡಿಕೊಂಡು ಹೊರಗೆ ಹೊರಡುವುದು ಅಭ್ಯಾಸವಾಗಿತ್ತು.

ಹೆಸರುಗಳ ಕತೆ ಹೇಳಲೇಬೇಕು. ಗುಡ್ಡ, ಹೊಳೆ, ಎಲ್ಲದರ ಹೆಸರೂ ಅಲ್ಲಿನ ಹಳೆಯ ಗೇಲಿಕ್ ಭಾಷೆಯಲ್ಲಿ. ಡಾಖರ್ಟ್ ಕಣಿವೆಯ ಕಡೆ ಬೆನ್ ಮೋರ್ ಅಂತ ಒಂದು ಬೆಟ್ಟ, 1,174 ಮೀಟರ್. ಅದರ ಅರ್ಥ ಏನು ಅಂತ ಅಪ್ಪ ಯಾರನ್ನೋ ಕೇಳಿದರು. ಬೆನ್ ಅಂದರೆ ಬೆಟ್ಟ, ಮೋರ್ ಅಂದರೆ ದೊಡ್ಡದು. "ದೊಡ್ಡಬೆಟ್ಟ ಕಣೇ! ಊಟಿಯದ್ದೇ ಹೆಸರು!" ಅಂತ ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅಪ್ಪನ ಮುಖ ಹೇಗಿತ್ತು ಅಂತ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಲಾಖ್ ದಂಡೆಯಲ್ಲೇ ಇರುವ ಬೆನ್ ಲಾಯರ್ಸ್ ಇನ್ನೂ ಎತ್ತರ, 1,214 ಮೀಟರ್. 4,000 ಅಡಿಗೆ ಸ್ವಲ್ಪವೇ ಕಮ್ಮಿ ಅಂತ 1878ರಲ್ಲಿ ಅದರ ತುದಿಯಲ್ಲಿ ಕಲ್ಲು ಪೇರಿಸಿ ಎತ್ತರ ಮಾಡಿದ್ದರಂತೆ.

ಹ್ಯಾಲೋವೀನ್ ನನ್ನ ಅಚ್ಚುಮೆಚ್ಚಿನ ಹಬ್ಬ. ಆಗ ಅಲ್ಲಿ ಕುಂಬಳಕಾಯಿ ಇರಲಿಲ್ಲ, ಟರ್ನಿಪ್ ಗಡ್ಡೆ ಕೊರೆದು ದೀಪ ಮಾಡುತ್ತಿದ್ದರು. ಕಲ್ಲಿನ ಥರ ಗಟ್ಟಿ. ಚಮಚದಲ್ಲಿ ಕೆರೆದು ಕೆರೆದು ಅಂಗೈಯಲ್ಲಿ ಬೊಬ್ಬೆ ಬರುತ್ತಿತ್ತು. ಒಳಗೆ ಮೇಣದಬತ್ತಿ ಹಚ್ಚಿದರೆ ಮುಚ್ಚಳದ ಒಳಭಾಗ ಸುಟ್ಟು, ಮೂಲಂಗಿ ಸೀದ ಹಾಗೆ ವಾಸನೆ. ಅದನ್ನು ಹಿಡಿದು ವೇಷ ಹಾಕಿಕೊಂಡು ಮನೆ ಮನೆಗೆ ಹೋಗುವುದು. ಸುಮ್ನೆ ಕೈ ಒಡ್ಡಿದರೆ ಏನೂ ಸಿಗುವುದಿಲ್ಲ, ಹಾಡೋ ಪದ್ಯವೋ ಏನಾದರೂ ಒಪ್ಪಿಸಬೇಕು. ನಾನು ಅಜ್ಜಿ ಹೇಳಿಕೊಟ್ಟ ಕನ್ನಡದ ಶಿಶುಪದ್ಯ ಹೇಳಿದೆ. ಒಂದಕ್ಷರ ಯಾರಿಗೂ ಅರ್ಥವಾಗಲಿಲ್ಲ. ಮುಂದಿನ ವರ್ಷ ಬಾಗಿಲು ತೆಗೆದ ಮುದುಕರೊಬ್ಬರು ಹಸ್ತಲಾಘವ ಕೊಟ್ಟು, ಹೋದ ವರ್ಷದ್ದನ್ನೇ ಹೇಳು ಮಗು, ಹೊಸದು ಬೇಡ ಅಂದರು.

ಈಗ ಅಮ್ಮನ ವಿಷಯ.

ಡಿಸೆಂಬರ್‌ನಲ್ಲಿ ಬೆಳಗ್ಗೆ ಎಂಟೂ ಮುಕ್ಕಾಲಿಗೆ ಬೆಳಕು, ಮಧ್ಯಾಹ್ನ ನಾಲ್ಕರೊಳಗೆ ಕತ್ತಲು. ನಡುವೆಯೂ ಸೂರ್ಯ ಗುಡ್ಡದ ಮರೆಯಲ್ಲೇ. ಅಪ್ಪ ರೋಗಿಗಳ ಮನೆಗೆ, ನಾನು ಶಾಲೆಗೆ, ಅಮ್ಮ ಒಬ್ಬಳೇ ಲಾಖ್ ನೋಡಿಕೊಂಡು. ಕನ್ನಡ ಬಿಡಿ, ಇಡ್ಲಿ ಅನ್ನೋ ಪದ ಗೊತ್ತಿರುವವರೂ ಊರಲ್ಲಿ ಇರಲಿಲ್ಲ. ಫೋನ್ ದುಬಾರಿ. ನೀಲಿ ಏರೋಗ್ರಾಮ್‌ನಲ್ಲಿ ಅಂಚಿನವರೆಗೂ ತುಂಬಿಸಿ ಬರೆಯುತ್ತಿದ್ದಳು. ಅಜ್ಜಿ ಒಮ್ಮೆ ಲಕೋಟೆಯೊಳಗೆ ಒಣಗಿದ ಕರಿಬೇವಿನ ಎಲೆ ಇಟ್ಟು ಕಳಿಸಿದ್ದರು. ಅಮ್ಮ ಅದನ್ನು ಒಗ್ಗರಣೆಗೆ ಹಾಕಲೇ ಇಲ್ಲ, ಮೂಸಿ ನೋಡಿ ವಾಪಸ್ ಲಕೋಟೆಗೇ ಹಾಕಿ ಸೀರೆಗಳ ನಡುವೆ ಇಟ್ಟಳು. ಆಗ ನನಗೆ ಅದು ವಿಚಿತ್ರ ಅನ್ನಿಸಿತ್ತು. ಈಗ ನೆನಪಾದರೆ ಗಂಟಲು ಕಟ್ಟುತ್ತದೆ.

ಪಕ್ಕದ ಮನೆಯ ಹೆಂಗಸು ಒಂದು ದಿನ ತಟ್ಟೆ ತುಂಬ ಟ್ಯಾಬ್ಲೆಟ್ ತಂದರು. ಮಾತ್ರೆ ಅಲ್ಲ, ಅಲ್ಲಿನ ಸಿಹಿ. ಸಕ್ಕರೆ, ಬೆಣ್ಣೆ, ಕಂಡೆನ್ಸ್ಡ್ ಮಿಲ್ಕ್ ಕಾಯಿಸಿ ತಿರುವಿ ಬಿಲ್ಲೆ ಕತ್ತರಿಸುವುದು, ಥೇಟ್ ನಮ್ಮ ಬರ್ಫಿ. ಅಮ್ಮ ಮರುವಾರ ಅದನ್ನೇ ಮಾಡಿ ಏಲಕ್ಕಿ ಹಾಕಿ ಕೊಟ್ಟಳು. ಆಮೇಲೆ ಇಬ್ಬರೂ ಮಧ್ಯಾಹ್ನ ಒಟ್ಟಿಗೆ ಕೂರತೊಡಗಿದರು.

ಅವರೇ ಅಮ್ಮನನ್ನು ಸೇತುವೆ ಪಕ್ಕದ ಹಳೆಯ ಗಿರಣಿಗೆ ಕರೆದುಕೊಂಡು ಹೋಗಿದ್ದು. ಆಗ ಅಲ್ಲಿ ಸಂತ ಫಿಲನ್‌ನ ಕಲ್ಲುಗಳಿದ್ದವು. ಎಂಟು, ಎಲ್ಲವೂ ಹೊಳೆಯಲ್ಲಿ ಸವೆದ ನುಣುಪು ಕಲ್ಲು. ಒಂದು ಮುಖದ ಹಾಗಿದೆ, ಅದು ತಲೆನೋವಿಗೆ. ಹೊಟ್ಟೆಗೊಂದು, ಬೆನ್ನಿಗೊಂದು, ಹೀಗೆ. ನೋವಿದ್ದ ಕಡೆ ಸವರಿಕೊಂಡರೆ ವಾಸಿಯಾಗುತ್ತದೆ ಅಂತ ಎಷ್ಟೋ ತಲೆಮಾರಿನ ನಂಬಿಕೆ. ಹೊಳೆ ತಂದು ಹಾಕಿದ ಹುಲ್ಲು ಕಡ್ಡಿಯ ಮೇಲೆ ಅವನ್ನು ಮಲಗಿಸಿರುತ್ತಾರೆ, ಪ್ರತಿ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಹುಲ್ಲು ಬದಲಾಯಿಸುತ್ತಾರೆ. ಅಮ್ಮ ಒಂದು ನಿಮಿಷ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟಳು, ಅಷ್ಟು ಚಳಿಯಲ್ಲಿ, ಕೈ ಮುಗಿದಳು, ನಮ್ಮ ಮನೆ ಹಿಂದಿನ ನಾಗರಕಲ್ಲಿಗೆ ಮುಗಿಯುವ ಹಾಗೆಯೇ. ಪಕ್ಕದ ಮನೆಯವರು ಏನೂ ಕೇಳಲಿಲ್ಲ, ತಾವೂ ಟೋಪಿ ತೆಗೆದು ನಿಂತರು.

ನಿಮ್ಮದು ಯಾವ ಊರೋ ಗೊತ್ತಿಲ್ಲ, ಈಗ ವೀಡಿಯೊ ಕಾಲ್ ಇದೆ, ಗ್ಲಾಸ್ಗೋದಲ್ಲಿ ಕರಿಬೇವೂ ಸಿಗುತ್ತದೆ. ಆದರೂ ಹೋದ ಮೊದಲ ತಿಂಗಳಲ್ಲೇ ಒಂದು ಮನೆಯ ಬಾಗಿಲು ತಟ್ಟಿ, ಏನಾದರೂ ಸಿಹಿ ಮಾಡಿಕೊಂಡು ಹೋಗಿ. ಚಳಿಗಾಲ ಶುರುವಾಗುವವರೆಗೆ ಕಾಯಬೇಡಿ.

ಅಮ್ಮ ಈಗ ತೀರ್ಥಹಳ್ಳಿಯಲ್ಲಿದ್ದಾಳೆ. ಡಿಸೆಂಬರ್ 24ಕ್ಕೆ ಫೋನ್ ಮಾಡಿದರೆ ಪ್ರತಿ ವರ್ಷವೂ ಕೇಳುವುದು ಅದನ್ನೇ, "ಇವತ್ತು ಹುಲ್ಲು ಬದಲಾಯಿಸಿರ್ತಾರೆ ಅಲ್ವಾ?"