ಓದುಗರ ಪ್ರಶ್ನೆ: ಬತ್ತಿದ ಚಿಲುಮೆ ಮತ್ತೆ ಉಕ್ಕುತ್ತದೆಯೇ?

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದ ಸರಟೋಗಾ ಸ್ಪ್ರಿಂಗ್ಸ್ ಊರಿನ ಖನಿಜ ಚಿಲುಮೆಗಳು ಒಮ್ಮೆ ಬತ್ತುವ ಹಂತಕ್ಕೆ ಬಂದು ಮತ್ತೆ ಚೇತರಿಸಿಕೊಂಡವಂತೆ. ಹೇಗೆ?
– ಓದುಗರು, ಬಸವನಗುಡಿ

ಅಲ್ಲಿ ಕಡಿಮೆಯಾಗಿದ್ದು ನೀರಿಗಿಂತ ಹೆಚ್ಚಾಗಿ ಒತ್ತಡ. ನೆಲದಾಳದ ಸುಣ್ಣಕಲ್ಲಿನ ಪದರದಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿದ ನೀರಿದೆ. ಮೇಲೆ ಜೇಡಿಪದರಗಲ್ಲು ಮುಚ್ಚಳದಂತೆ ಕೂತಿದೆ. ಬಂಡೆ ಸೀಳಿದ ಕಡೆ ಅನಿಲವೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವುದೂ ಹೆಚ್ಚುಕಡಿಮೆ ಇದೇ.

ಗಿಡಿಯನ್ ಪಟ್ನಂ 1802ರಲ್ಲಿ ಅಲ್ಲಿ ವಸತಿಗೃಹ ಕಟ್ಟಿದ. 1830ರ ದಶಕದಲ್ಲಿ ರೈಲು ಬಂತು, 1863ರಲ್ಲಿ ಕುದುರೆ ರೇಸು. ನೀರು ಕುಡಿಯುವ ನೆಪದಲ್ಲಿ ಶ್ರೀಮಂತರು ಬೇಸಿಗೆ ಕಳೆಯುವ ಊರಾಯಿತು. ಅಷ್ಟರಲ್ಲಿ ಸೋಡಾ ಅಂಗಡಿಗಳಿಗೆ ಅನಿಲ ಬೇಕಾಯಿತು. ಕಂಪನಿಗಳು ಬಂಡೆ ಕೊರೆದು ಪಂಪ್ ಕೂರಿಸಿದವು. ಅನಿಲವನ್ನು ಸಿಲಿಂಡರಿಗೆ ತುಂಬಿ ನೀರಿನ ಬಹುಪಾಲನ್ನು ಚರಂಡಿಗೆ ಬಿಟ್ಟವು. ಒಬ್ಬರ ಪಂಪ್ ಓಡಿದರೆ ಪಕ್ಕದವರ ಚಿಲುಮೆ ಸೊರಗುತ್ತಿತ್ತು.

1908ರಲ್ಲಿ ರಾಜ್ಯ ಇಂಥ ಪಂಪಿಂಗ್ ತಡೆಯುವ ಕಾನೂನು ತಂದಿತು. ‘ನನ್ನ ಜಾಗ, ನನ್ನ ನೀರು’ ಎಂಬ ವಾದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1911ರಲ್ಲಿ ಬಿದ್ದುಹೋಯಿತು: ನೆಲದಡಿಯ ಸೆಲೆ ಎಲ್ಲರಿಗೂ ಒಂದೇ ಆಗಿರುವಾಗ ಒಬ್ಬ ಅದನ್ನು ಪೋಲು ಮಾಡುವಂತಿಲ್ಲ. 1909ರಿಂದಲೇ ಚಿಲುಮೆಗಳಿದ್ದ ಜಾಗಗಳನ್ನು ರಾಜ್ಯ ವಶಕ್ಕೆ ತೆಗೆದುಕೊಳ್ಳತೊಡಗಿತ್ತು. ಪಂಪ್ ನಿಂತ ಮೇಲೆ ಒತ್ತಡ ಮರಳಿತು. ನಮ್ಮ ಮಟ್ಟಿಗೆ ಇಡೀ ಕಥೆಯಲ್ಲಿ ಮುಖ್ಯವಾದದ್ದು ಇದೇ. 1935ರ ಭವ್ಯ ಸ್ನಾನಗೃಹಗಳೆಲ್ಲ ಆಮೇಲಿನವು.

ಊರು ಇನ್ನೊಮ್ಮೆ ಸೋತಿತು, ಈ ಸಲ ನೀರಿನಿಂದಲ್ಲ. ಹೊಸ ಔಷಧಿಗಳು ಬಂದು ಸ್ನಾನಚಿಕಿತ್ಸೆಯ ಮೇಲಿನ ನಂಬಿಕೆ ಕುಗ್ಗಿತು, ಜೂಜುಕಟ್ಟೆಗಳು ಮುಚ್ಚಿದವು, 1950ರ ದಶಕದ ಆರಂಭದಲ್ಲಿ ಗ್ರ್ಯಾಂಡ್ ಯೂನಿಯನ್ ಹೋಟೆಲನ್ನೇ ಕೆಡವಿದರು. ಹೆದ್ದಾರಿ, 1966ರಲ್ಲಿ ತೆರೆದ ಪ್ರದರ್ಶನ ಕಲೆಗಳ ಕೇಂದ್ರ, ಮುಖ್ಯರಸ್ತೆಯ ಹಳೇ ಕಟ್ಟಡಗಳ ದುರಸ್ತಿ ಮತ್ತೆ ಜನರನ್ನು ತಂದವು.

ಪ್ರಶ್ನೆ: ಮಗಳ ಮನೆಗೆ ಹೋದಾಗ ಸರಟೋಗಾ ಚಿಲುಮೆಯ ನೀರು ತಂದೆವು. ಮರುದಿನಕ್ಕೆ ಗುಳ್ಳೆ ಮಾಯ, ತಳದಲ್ಲಿ ಕಂದು ಗಸಿ. ಕೆಟ್ಟಿತೇ?
– ಓದುಗರು, ಮಲ್ಲೇಶ್ವರ

ಗುಳ್ಳೆ ಮಾಯವಾದದ್ದು ಕರಗಿದ್ದ ಅನಿಲ ಹಾರಿಹೋಗಿ, ಗಸಿ ಬಂದದ್ದು ಕಬ್ಬಿಣದಿಂದ. ನೆಲದಡಿಯಲ್ಲಿ ಕರಗಿದ್ದ ಕಬ್ಬಿಣ ಗಾಳಿ ತಗುಲಿದೊಡನೆ ತುಕ್ಕಾಗಿ ತಳ ಸೇರುತ್ತದೆ. ಬಾಟಲಿಯಲ್ಲಿ ಅರ್ಧ ಗಾಳಿ ಉಳಿದಿದ್ದರೆ ಎರಡೂ ತೊಂದರೆ ಒಟ್ಟಿಗೆ.

ಮುಂದಿನ ಸಲ ಗಾಜಿನ ಬಾಟಲಿ ಅಥವಾ ಸೋಡಾದ ಖಾಲಿ ಪ್ಲಾಸ್ಟಿಕ್ ಬಾಟಲಿ ಒಯ್ಯಿರಿ. ಮೊದಲು ಅದೇ ನೀರಿನಲ್ಲಿ ಗಲಬರಿಸಿ. ಬಾಟಲಿ ಓರೆ ಹಿಡಿದು ನೀರು ಒಳಗೋಡೆಯ ಮೇಲೆ ಇಳಿಯುವಂತೆ, ಕಂಠದವರೆಗೂ ತುಂಬಿಸಿ ಕೂಡಲೇ ಬಿಗಿಯಾಗಿ ಮುಚ್ಚಿ. ಫ್ರಿಜ್ಜಿನಲ್ಲಿಟ್ಟು ಒಂದೆರಡು ದಿನದಲ್ಲಿ ಮುಗಿಸಿ. ಫ್ರೀಜರ್ ಬೇಡ, ಗಾಜು ಒಡೆಯುತ್ತದೆ. ಕೆಲವು ಚಿಲುಮೆಗಳಲ್ಲಿ ಉಪ್ಪು ಜಾಸ್ತಿ; ಬಿಪಿ, ಮೂತ್ರಪಿಂಡದ ತೊಂದರೆ ಇದ್ದವರು ರುಚಿ ನೋಡುವಷ್ಟಕ್ಕೇ ನಿಲ್ಲಿಸುವುದು ಒಳ್ಳೆಯದು. ರೋಗ ವಾಸಿಯಾಗುತ್ತದೆ ಎಂಬ ಹಳೇ ಜಾಹೀರಾತುಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಅಂದಹಾಗೆ, ಅದು ಬಿಸಿನೀರಿನ ಬುಗ್ಗೆಯಲ್ಲ. ನೀರು ತಣ್ಣಗೇ ಬರುತ್ತದೆ, ಸ್ನಾನಕ್ಕೆ ಬೇರೆ ಬಿಸಿನೀರು ಬೆರೆಸುತ್ತಾರೆ. ಖನಿಜ ನೀರನ್ನೇ ಕುದಿಸಿದರೆ ಅನಿಲ ಹಾರಿ ಸುಣ್ಣ ಕಟ್ಟುತ್ತದೆ.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನಲ್ಲೂ ಬಿಳಿ ಪದರ ಕಟ್ಟುತ್ತದೆ. ಇದೂ ಖನಿಜ ನೀರೇ?
– ಓದುಗರು, ಯಲಹಂಕ

ಪದರ ಕಟ್ಟುವ ಕ್ರಿಯೆ ಒಂದೇ. ನಿಮ್ಮ ಗೀಸರಿನ ಕಾಯಿಲ್ ಮೇಲೆ ಕೂರುವ ಸುಣ್ಣವೇ ಸರಟೋಗಾದ ಹೈ ರಾಕ್ ಚಿಲುಮೆಯ ಸುತ್ತ ಕಲ್ಲಿನ ಗೋಪುರವಾಗಿ ಬೆಳೆದಿದೆ. ಆದರೆ ಬೆಂಗಳೂರಿನ ಕೆಳಗಿರುವುದು ಗ್ರಾನೈಟ್, ನೈಸ್ ಶಿಲೆ. ಅದರ ಬಿರುಕುಗಳಲ್ಲಿ ನಿಂತ ಮಳೆನೀರನ್ನು ಮೇಲೆತ್ತಲು ಅನಿಲವಿಲ್ಲ, ಮೋಟಾರೇ ಬೇಕು. ನಿಮ್ಮದು ಬರೀ ಗಡಸು ನೀರು. ಗಡಸುತನ ಪರೀಕ್ಷಿಸಿ, ಲೀಟರಿಗೆ 200 ಮಿಲಿಗ್ರಾಂ ದಾಟಿದ್ದರೆ ಗೀಸರಿಗೆ ಹೋಗುವ ಪೈಪಿಗೆ ಗಡಸುತನ ತೆಗೆಯುವ ಸಾಫ್ಟ್‌ನರ್ ಹಾಕಿಸಿ. ಅಡುಗೆಮನೆ ನಲ್ಲಿಗೆ ಅದು ಬೇಡ, ನೀರಿಗೆ ಸೋಡಿಯಂ ಸೇರುತ್ತದೆ.